ವೇದಿಕೆಗೆ ಹೂಗುಚ್ಛ, ಸಭೆಗೆ ಕಿವಿ ಮೇಲೆ ಹೂವು

ಶಿಕ್ಷಕರಿಗೆಂದು ನಡೆದ ಮಾಧ್ಯಮ ಸಾಕ್ಷರತೆಯ ರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿದ್ದೆ. ಎರಡು ದಿನದ ಕಾರ್ಯಕ್ರಮ. ಮೊದಲ ದಿನ ಬೆಳಿಗ್ಗೆ ಹೆಸರು ಬರೆಸುವಾಗಲೇ ಒಂದು ಚೀಲ ಕೊಟ್ಟರು. ಒಳಗೆ ಪೆನ್ನು, ನೋಟ್‌ಪ್ಯಾಡು, ಜೊತೆಗೆ ಪ್ರಮಾಣಪತ್ರ. 'ಎರಡೂ ದಿನ ಪೂರ್ತಿಯಾಗಿ ಭಾಗವಹಿಸಿದ್ದಾರೆ' ಎಂದು ಅದರಲ್ಲಿ ಅಚ್ಚಾಗಿತ್ತು. ಗಂಟೆ ಒಂಬತ್ತೂ ಕಾಲು.

"ನಾನಿನ್ನೂ ಒಳಗೇ ಹೋಗಿಲ್ವಲ್ಲ ಮೇಡಂ" ಎಂದೆ.

"ಕೊನೇ ದಿನ ರಶ್ ಆಗುತ್ತೆ ಸರ್, ಇಟ್ಕೊಳ್ಳಿ" ಎಂದರು.

ಸುಳ್ಳು ಸುದ್ದಿ ಪತ್ತೆ ಮಾಡುವ ತರಬೇತಿಯ ಮೊದಲ ಸುಳ್ಳು ಸುದ್ದಿ ನನ್ನ ಹೆಸರಲ್ಲೇ ಹೊರಟಿತ್ತು. ಮಡಿಕೆ ಬೀಳದ ಹಾಗೆ ಎತ್ತಿಟ್ಟುಕೊಂಡೆ. ಬಡ್ತಿಯ ಹೊತ್ತಿಗೆ ಬೇಕಾಗುತ್ತದೆ.

ಚೀಲದಲ್ಲಿ ಇನ್ನೊಂದು ಕಾಗದವಿತ್ತು. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನು ನಂಬುವ ಮೊದಲು ಕೇಳಬೇಕಾದ ಪ್ರಶ್ನೆಗಳು. ಬರೆದವರು ಯಾರು? ಯಾವಾಗ ಬರೆದದ್ದು? ಮೂಲ ಎಲ್ಲಿದೆ? ಒಳ್ಳೆಯ ಪ್ರಶ್ನೆಗಳೇ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿದೆ. ಬರೆದವರ ಹೆಸರಿಲ್ಲ, ತಾರೀಖಿಲ್ಲ, ಎಲ್ಲಿಂದ ಎತ್ತಿದ್ದು ಅಂತಲೂ ಇಲ್ಲ.

ಒಳಗೆ ಹೋದರೆ ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಬ್ಯಾನರ್. 'ಸತ್ಯ ಬೂಟು ಹಾಕಿಕೊಳ್ಳುವಷ್ಟರಲ್ಲಿ ಸುಳ್ಳು ಅರ್ಧ ಜಗತ್ತು ಸುತ್ತಿರುತ್ತದೆ' ಅಂತ ಬರೆದು ಕೆಳಗೆ ಮಾರ್ಕ್ ಟ್ವೈನ್ ಹೆಸರು ಹಾಕಿದ್ದರು. ಮಾತು ಚೆನ್ನಾಗಿದೆ. ಟ್ವೈನ್ ಹೇಳಿದ್ದಕ್ಕೆ ಮಾತ್ರ ಆಧಾರ ಇಲ್ಲ. ಅವನು 1910ರಲ್ಲಿ ತೀರಿಕೊಂಡ. ಈ ಮಾತನ್ನು ಅವನ ತಲೆಗೆ ಕಟ್ಟಿದ್ದು ಆಮೇಲೆ. ಸುಳ್ಳು ಹಾರುತ್ತದೆ, ಸತ್ಯ ಹಿಂದಿನಿಂದ ಕುಂಟುತ್ತಾ ಬರುತ್ತದೆ ಅಂತ ಜೊನಾಥನ್ ಸ್ವಿಫ್ಟ್ 1710ರಲ್ಲೇ ಬರೆದಿದ್ದ. ಅಲ್ಲಿಂದ ಹೊರಟ ಸತ್ಯ ಮುನ್ನೂರು ವರ್ಷ ಕುಂಟಿದರೂ ಪಾಪ, ಬ್ಯಾನರ್ ಅಚ್ಚು ಹಾಕುವವನ ಹತ್ತಿರ ಇನ್ನೂ ಬಂದು ತಲುಪಿಲ್ಲ.

ಹೂಗುಚ್ಛ ಹಂಚುವ ಕೆಲಸ ಮುಕ್ಕಾಲು ಗಂಟೆ ನಡೆಯಿತು. ನಂತರ ನಿರೂಪಕರು, ಅತಿಥಿಗಳಿಗೆ ಗೌರವ ಕೊಟ್ಟು ಎಲ್ಲರೂ ಮೊಬೈಲ್ ಸ್ವಿಚ್ ಆಫ್ ಮಾಡಬೇಕು ಎಂದರು. ಆಗ ಇದು ಶಿಸ್ತಿನ ಮಾತು ಅಂದುಕೊಂಡೆ. ಭಾಷಣ ಶುರುವಾದ ಮೇಲೆ ಮುನ್ನೆಚ್ಚರಿಕೆ ಅಂತ ಗೊತ್ತಾಯಿತು.

ಮುಖ್ಯ ಭಾಷಣಕಾರರು ಮೊದಲ ಸ್ಲೈಡಿನಲ್ಲೇ ಪಿರಮಿಡ್ ತಂದರು. ಶಿಕ್ಷಕರಾದವರು ಇದರಿಂದ ತಪ್ಪಿಸಿಕೊಳ್ಳಲಾಗದು. ಓದಿದ್ದರಲ್ಲಿ ಶೇಕಡಾ 10 ನೆನಪಿರುತ್ತದೆ, ಕೇಳಿದ್ದರಲ್ಲಿ 20, ನೋಡಿದ್ದರಲ್ಲಿ 30, ಹೀಗೇ ಏರುತ್ತಾ ಮಾಡಿದ್ದರಲ್ಲಿ 90. ಮಿದುಳಿನ ಶಿಸ್ತು ನೋಡಿ, ಮರೆಯುವುದನ್ನೂ ಹತ್ತರ ಮಗ್ಗಿಯಲ್ಲೇ ಮರೆಯುತ್ತದೆ. 11 ಇಲ್ಲ, 23 ಇಲ್ಲ. ಕೆಳಗೆ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರು. ಡೇಲ್ 1946ರಲ್ಲಿ 'ಅನುಭವದ ಶಂಕು' ಅಂತ ಒಂದು ಚಿತ್ರ ಕೊಟ್ಟಿದ್ದು ನಿಜ. ಅದರಲ್ಲಿ ಒಂದೇ ಒಂದು ಅಂಕಿ ಇರಲಿಲ್ಲ. ಅಂಕಿಗಳನ್ನು ಯಾರೋ ಪುಣ್ಯಾತ್ಮರು ತಂದು ತುಂಬಿದರು. ಚಿತ್ರ ಒಬ್ಬರದು, ಲೆಕ್ಕ ಇನ್ನೊಬ್ಬರದು.

ನಾನು ನಗಲಿಲ್ಲ. ಹೋದ ವರ್ಷ ಪೋಷಕರ ಸಭೆಯಲ್ಲಿ ಇದೇ ಪಿರಮಿಡ್ ತೋರಿಸಿ ಚಪ್ಪಾಳೆ ಗಿಟ್ಟಿಸಿದವನು ನಾನೇ. ಇದೆಲ್ಲ ತಿಳಿದದ್ದು ಆ ಹೊತ್ತಿನಲ್ಲಿ, ಪಾಠದ ವೇಳೆ ನನ್ನ ಮಕ್ಕಳು ಮಾಡುವ ಹಾಗೆ ಚೀಲದೊಳಗೆ ಮೊಬೈಲ್ ಬಚ್ಚಿಟ್ಟು ಹುಡುಕಿದಾಗ.

ಆಮೇಲೆ ಜಲಚರಗಳದ್ದೇ ದರ್ಬಾರು. ಗೋಲ್ಡ್‌ಫಿಶ್‌ನ ಗಮನ 9 ಸೆಕೆಂಡ್, ಇವತ್ತಿನ ಮಕ್ಕಳದ್ದು 8 ಸೆಕೆಂಡ್ ಎಂದರು. ಸಭೆ 'ಅಯ್ಯೋ' ಎಂದಿತು. 2015ರಲ್ಲಿ ಮೈಕ್ರೋಸಾಫ್ಟ್ ಹೆಸರಿನ ವರದಿಯೊಂದರಲ್ಲಿ ಬಂದ ಅಂಕಿ ಇದು. 2017ರಲ್ಲಿ ಬಿಬಿಸಿಯವರು ಇದರ ಮೂಲ ಹುಡುಕಿ ಹೊರಟರು. ಆಧಾರವಾಗುವ ಸಂಶೋಧನೆ ಸಿಗಲಿಲ್ಲ. ಗಮನ ಎಂಟೇ ಸೆಕೆಂಡ್ ಆಗಿದ್ದರೆ ಒಂದೂವರೆ ಗಂಟೆ ಭಾಷಣ ಯಾಕೆ ಸ್ವಾಮಿ ಅಂತ ಕೇಳಬೇಕೆನಿಸಿತು. ಅಷ್ಟರಲ್ಲಿ ಇನ್ನೊಂದು ಮೀನು ಬಂತು. 'ಮರ ಹತ್ತಲು ಬರುತ್ತದೆಯೇ ಎಂದು ಮೀನನ್ನು ಅಳೆಯಬೇಡಿ', ಐನ್‌ಸ್ಟೈನ್ ಉವಾಚ. ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೂ ಪುರಾವೆ ಇಲ್ಲ.

ಮೀನು ಹತ್ತದಿದ್ದರೇನು, ಮುಂದಿನ ಸ್ಲೈಡಿನಲ್ಲಿ ಆಕ್ಟೋಪಸ್ ಮರ ಹತ್ತಿತು. ಮರದ ಮೇಲೆ ಬದುಕುವ ಆಕ್ಟೋಪಸ್ ಅಳಿವಿನ ಅಂಚಿನಲ್ಲಿದೆ, ಕಾಪಾಡಿ ಎಂದು ಬೇಡಿಕೊಳ್ಳುವ ತಮಾಷೆಯ ಜಾಲತಾಣ 1998ರಿಂದ ಇದೆ. ಅಮೆರಿಕದಲ್ಲಿ ಏಳನೇ ತರಗತಿಯ 25 ಮಕ್ಕಳಿಗೆ ಅದನ್ನು ತೋರಿಸಿದಾಗ ಹೆಚ್ಚು ಕಡಿಮೆ ಎಲ್ಲರೂ ನಂಬಿದ್ದರು. ಇದು ನಿಜವಾಗಿ ನಡೆದದ್ದು. ಸಭೆಯಲ್ಲಿ ನಗೆಯೋ ನಗೆ. ಈಗಿನ ಮಕ್ಕಳು ಏನು ಹೇಳಿದರೂ ನಂಬುತ್ತವೆ, ಅಲ್ವಾ ಅಂತ ಪಕ್ಕದ ಮೇಷ್ಟ್ರು ಕಣ್ಣೊರೆಸಿಕೊಂಡರು. ಅವರ ನೋಟ್‌ಪ್ಯಾಡಿನಲ್ಲಿ ಪಿರಮಿಡ್ ನೀಟಾಗಿ ಬರೆದು, ಅಂಕಿಗಳ ಕೆಳಗೆ ಎರಡೆರಡು ಗೆರೆ ಎಳೆದಿದ್ದರು.

ಮಧ್ಯಾಹ್ನದ ಮೊದಲ ಗೋಷ್ಠಿ 'ತರಗತಿಯಲ್ಲಿ ಸತ್ಯ'. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ 2016ರ ಅಧ್ಯಯನದಿಂದ ಶುರುವಾಯಿತು. 'ಪ್ರಾಯೋಜಿತ' ಅಂತ ಬರೆದಿದ್ದರೂ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಶೇಕಡಾ 80ಕ್ಕೂ ಜಾಸ್ತಿ ಜನ ಜಾಹೀರಾತನ್ನೇ ಸುದ್ದಿ ಅಂದುಕೊಂಡಿದ್ದರಂತೆ. ಛೆ ಛೆ ಎಂದೆವು. ಅಲ್ಲಿಂದ ಮಾತು ಸರಾಗವಾಗಿ ಒಂದು ಆ್ಯಪಿನ ಕಡೆ ಹೊರಳಿತು. ಸುದ್ದಿಯನ್ನು ಅದರೊಳಗೆ ಹಾಕಿದರೆ ಸಾಕು, ನಿಜಕ್ಕೆ ಹಸಿರು ದೀಪ, ಸುಳ್ಳಿಗೆ ಕೆಂಪು. ಮೊದಲ ತಿಂಗಳು ಉಚಿತ.

"ಅದಕ್ಕೆ ಹೇಗೆ ಗೊತ್ತಾಗುತ್ತೆ ಸರ್?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಎಐ, ಸರ್."

ಮತ್ತೆ ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರು. ಅದಕ್ಕಾಗಿ ಮೊಬೈಲ್ ಆನ್ ಮಾಡಲು ಅಪ್ಪಣೆ ಕೊಟ್ಟಿದ್ದರು. ಕಾರ್ಯಕ್ರಮ ಪಟ್ಟಿಯಲ್ಲಿ ಆ ಗೋಷ್ಠಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ 'ಪ್ರಾಯೋಜಿತ' ಅಂತ ಇತ್ತು. ನನ್ನ ಕಣ್ಣಿಗೆ ಬಿದ್ದದ್ದು ಹೊರಗೆ ಬಂದ ಮೇಲೆ. ಅಷ್ಟರಲ್ಲಿ ನಾನೂ ಆ್ಯಪ್ ಹಾಕಿಕೊಂಡಾಗಿತ್ತು.

ದಿನದ ಕೊನೆಗೆ, ಅರ್ಧ ಕುರ್ಚಿಗಳು ಖಾಲಿಯಾದಾಗ, ಒಬ್ಬ ಹುಡುಗಿಗೆ ಹತ್ತು ನಿಮಿಷ ಕೊಟ್ಟರು. ಹೊಸದಾಗಿ ಕೆಲಸಕ್ಕೆ ಸೇರಿದ ಮೇಡಂ. 2017ರಲ್ಲಿ 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕ್ಕರ್‌ಗಳು, 25 ಕಾಲೇಜು ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಜಾಲತಾಣಗಳನ್ನು ನಂಬಬಹುದೇ ನೋಡಿ ಎಂದ ಅಧ್ಯಯನದ ಬಗ್ಗೆ ಹೇಳಿದರು. ಪಿಎಚ್.ಡಿ. ಮಾಡಿದ ಇತಿಹಾಸಕಾರರೂ ಪುಟದ ಅಂದ, ಲೋಗೋ, ಗಂಭೀರ ಹೆಸರು ನೋಡಿ ಏಮಾರಿದ್ದರು. ಫ್ಯಾಕ್ಟ್‌ಚೆಕ್ಕರ್‌ಗಳು ಪುಟವನ್ನು ದಿಟ್ಟಿಸುತ್ತಾ ಕೂರಲಿಲ್ಲ. ತಕ್ಷಣ ಅದರಿಂದ ಹೊರಬಿದ್ದು, ಈ ಜಾಲತಾಣದವರ ಬಗ್ಗೆ ಬೇರೆಯವರು ಏನನ್ನುತ್ತಾರೆ ಅಂತ ಇಂಟರ್‌ನೆಟ್ಟಿನಲ್ಲೇ ಅಕ್ಕಪಕ್ಕ ವಿಚಾರಿಸಿದರು. ಅಷ್ಟೇ ಗುಟ್ಟು. "ಈಗ ಎಲ್ಲರೂ ಮೊಬೈಲ್ ತೆಗೀರಿ. ಈ ಬ್ಯಾನರ್ ಮೇಲಿನ ಮಾತು ಯಾರದ್ದು ಅಂತ ಹುಡುಕೋಣ" ಎಂದರು. ಅಧ್ಯಕ್ಷರು ಗಂಟೆ ಬಾರಿಸಿದರು. ಸಮಯದ ಅಭಾವ.

ಎರಡನೇ ದಿನ ನಾನು ಹೋಗಲಿಲ್ಲ. ಪ್ರಮಾಣಪತ್ರ ಇತ್ತಲ್ಲ. ಅವತ್ತು ಘೋಷಣೆಯೊಂದನ್ನು ಒಮ್ಮತದಿಂದ ಒಪ್ಪಿದರಂತೆ: ಮಾಧ್ಯಮವನ್ನು ಪ್ರಶ್ನಿಸುವುದನ್ನು ಶಾಲೆಯಲ್ಲಿ ಕಲಿಸಬೇಕು. ಯುನೆಸ್ಕೋ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ 1982ರಲ್ಲೇ ಹೆಚ್ಚು ಕಡಿಮೆ ಇದನ್ನೇ ಘೋಷಿಸಿತ್ತು. ಒಳ್ಳೆಯ ಘೋಷಣೆ, ಎಷ್ಟು ಸಲ ಮಾಡಿದರೂ ಸವೆಯುವುದಿಲ್ಲ.

ಸಂಜೆ ಗುಂಪಿನಲ್ಲಿ ಫೋಟೋ ಬಂತು. 'ಸಮಾರೋಪಕ್ಕೆ ಕಿಕ್ಕಿರಿದ ಸಭೆ' ಅಂತ ಶೀರ್ಷಿಕೆ. ದೊಡ್ಡದು ಮಾಡಿ ನೋಡಿದೆ. ಮೂರನೇ ಸಾಲಿನಲ್ಲಿ ಚೀಲದೊಳಗೆ ಕೈ ಇಟ್ಟು, ತಲೆ ತಗ್ಗಿಸಿ ನಾನೇ ಕೂತಿದ್ದೆ. ಫೋಟೋವನ್ನು ಹೊಸ ಆ್ಯಪಿಗೆ ಹಾಕಿದೆ. ಹಸಿರು ದೀಪ ಹತ್ತಿತು. ಲೈಕ್ ಒತ್ತಿದೆ.