ಹೆಡ್‌ಫೋನ್ ಔಟ್‌ಪುಟ್: ಓಮ್ ನೋಡಿ, ವೋಲ್ಟ್ ಲೆಕ್ಕ ಹಾಕಿ

ಆಡಿಯೊ ಇಂಟರ್‌ಫೇಸ್ (ಮೈಕ್, ಹೆಡ್‌ಫೋನನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಕೊಳ್ಳುವಾಗ ಡಬ್ಬಿಯ ಮೇಲಿನ ಹೆಡ್‌ಫೋನ್ ಔಟ್‌ಪುಟ್‌ನ ಮಿಲಿವ್ಯಾಟ್ ಅಂಕಿ ದೊಡ್ಡದಿದ್ದರೆ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ಸಾಲದು ಸ್ವಾಮಿ. ಅದನ್ನು ಎಷ್ಟು ಓಮ್‌ಗೆ (ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಅಳೆದಿದ್ದಾರೆ ಅನ್ನುವುದು ಮುಖ್ಯ. ಎಷ್ಟೋ ಕಡೆ ಅದು 32 ಓಮ್ ಲೆಕ್ಕ. ಮುಂಬಯಿಯ ಅಂಧೇರಿ, ಗೋರೆಗಾಂವ್ ಕಡೆ ಮನೆಯಲ್ಲೇ ಡಬ್ಬಿಂಗ್ ಮಾಡುವ ನಮ್ಮವರು 250 ಓಮ್‌ನ ಡಿಟಿ 770 ಪ್ರೊ ಹೆಡ್‌ಫೋನ್ ಕೊಳ್ಳುತ್ತಾರೆ ಅಂದುಕೊಳ್ಳಿ. 1 ಮಿಲಿವ್ಯಾಟ್‌ಗೆ ಅದು ಕೊಡುವುದು 96 ಡೆಸಿಬೆಲ್. ಪೀಕ್ (ಶಬ್ದ ಅತಿ ಜೋರಾಗುವ ಕ್ಷಣ) 110 ಡೆಸಿಬೆಲ್ ಮುಟ್ಟಬೇಕಾದರೆ 25 ಮಿಲಿವ್ಯಾಟ್, ಅಂದರೆ 2.5 ವೋಲ್ಟ್ ಬೇಕು. ಬರೀ ಯುಎಸ್‌ಬಿ ಕರೆಂಟಿನಲ್ಲಿ ನಡೆಯುವ ಅಗ್ಗದ ಇಂಟರ್‌ಫೇಸ್‌ಗಳಲ್ಲಿ ಹಲವು ಇಲ್ಲಿ ಸುಸ್ತಾಗುತ್ತವೆ. ಅದೇ ಮಾದರಿಯ 80 ಓಮ್‌ನದಕ್ಕೆ ಸುಮಾರು 1.4 ವೋಲ್ಟ್ ಸಾಕು. ಹೊಸ ಆಂಪ್‌ಗೆ (ಹೆಡ್‌ಫೋನ್‌ಗೆ ಹೆಚ್ಚು ವೋಲ್ಟ್ ಕೊಡುವ ಪೆಟ್ಟಿಗೆ) ದುಡ್ಡು ಸುರಿಯುವುದಕ್ಕಿಂತ ಇದೇ ವಾಸಿ.

ಇನ್ನೊಂದು: ರೆಕಾರ್ಡಿಂಗ್‌ನಲ್ಲಿ ದನಿಯ ಪೀಕನ್ನು ಮೈನಸ್ 12 ಡೆಸಿಬೆಲ್ ಆಸುಪಾಸು, ಅಂದರೆ ಗರಿಷ್ಠ ಮಿತಿಯಾದ 0ಗಿಂತ ಸಾಕಷ್ಟು ಕೆಳಗೆ, ಇಡುತ್ತೇವೆ. ಹಾಡು ಕೇಳಲು ಸಾಕಾದ ವಾಲ್ಯೂಮ್ ಆಗ ಸಾಲುವುದಿಲ್ಲ.

ಇಂಟರ್‌ಫೇಸ್‌ನ ಔಟ್‌ಪುಟ್ ಇಂಪಿಡೆನ್ಸ್ (ಹೆಡ್‌ಫೋನ್ ಔಟ್‌ಪುಟ್‌ನ ಒಳಗಿನ ತಡೆ, ಇದೂ ಓಮ್‌ನಲ್ಲೇ) ಹೆಡ್‌ಫೋನ್‌ನ ಓಮ್‌ನ ಎಂಟನೇ ಒಂದು ಭಾಗ ಮೀರದಿರಲಿ. ಮೀರಿದರೆ 32 ಓಮ್‌ನ ಕೆಲವು ಹೆಡ್‌ಫೋನ್‌ಗಳಲ್ಲಿ ಬೇಸ್ ಊದಿಕೊಳ್ಳುತ್ತದೆ.

ಮುಂಬಯಿಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ನಿಮ್ಮದೇ ಹೆಡ್‌ಫೋನ್, ಲ್ಯಾಪ್‌ಟಾಪ್ ಒಯ್ಯಿರಿ. ಕಂಡೆನ್ಸರ್ ಮೈಕ್ ಜೋಡಿಸಿ, 48 ವೋಲ್ಟ್ ಫ್ಯಾಂಟಮ್ (ಇಂಟರ್‌ಫೇಸ್ ಮೈಕಿಗೆ ಕೊಡುವ ಕರೆಂಟು; ಯುಎಸ್‌ಬಿ ಮೇಲೆ ಹೊರೆ ಹೆಚ್ಚಿಸುತ್ತದೆ) ಆನ್ ಮಾಡಿ, ಜೋರಾದ ಟ್ರ್ಯಾಕ್ ಹಾಕಿ, ಹೆಡ್‌ಫೋನ್ ನಾಬನ್ನು ನಿಧಾನಕ್ಕೆ ಏರಿಸಿ. ನಿಮಗೆ ಬೇಕಾದ ಮಟ್ಟ ಬರುವ ಮೊದಲೇ ಶಬ್ದ ಒಡೆದರೆ ಆ ಪೆಟ್ಟಿಗೆ ಬೇಡ.