ಅಲ್ಲಿ ತೆರಿ ಅಂದ್ರೆ ಇಲ್ಲೇ ತೆರೆಯುತ್ತೆ!

ವಿಂಡೋಸ್ ಲ್ಯಾಪ್‌ಟಾಪ್ ಪಕ್ಕ 24 ಇಂಚಿನ ಮಾನಿಟರ್ ಇಟ್ಟಿರೋದು ಸ್ಪ್ರೆಡ್‌ಶೀಟ್ ಅದರಲ್ಲಿ ತೆರೆಯಲಿ ಅಂತ. ಅದೋ, ಚಿಕ್ಕ ಸ್ಕ್ರೀನಿಗೇ ಬಂದು ಕೂರುತ್ತದೆ. ಮಳೆ ಬಂದರಂತೂ ಕೇಳಲೇಬೇಡಿ. ಜಯನಗರದಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಯ್ತು. ಮಾನಿಟರ್ ಆರಿದ್ದೇ ತಡ, ಅದರಲ್ಲಿದ್ದ ವಿಂಡೋಗಳೆಲ್ಲ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವವರ ಹಾಗೆ ಲ್ಯಾಪ್‌ಟಾಪಿಗೆ ನುಗ್ಗುತ್ತವೆ. ಕರೆಂಟ್ ಬಂದ ಮೇಲೆ ವಾಪಸ್ ಹೋಗಬೇಕು ಅಲ್ವಾ? ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಜಾಗ ನೆನಪಿಟ್ಟುಕೊಳ್ಳೋಕೆ ಒಂದು ಟಿಕ್ ಇದೆ, ಹಾಕಿದ್ದೇನೆ. ಕೆಲವು ಹೋಗುತ್ತವೆ, ಉಳಿದವು ಜಪ್ಪಯ್ಯ ಅಂದರೂ ಕದಲಲ್ಲ. ವಿಂಡೋಸ್ ಕೀ, ಶಿಫ್ಟ್, ಬಾಣದ ಕೀ ಒಟ್ಟಿಗೆ ಒತ್ತಿದರೆ ಪಕ್ಕದ ಸ್ಕ್ರೀನಿಗೆ ಹಾರುತ್ತವೆ, ನಿಜ. ದಿನವಿಡೀ ಅದೇ ಕೆಲಸಾನಾ? ಈ ಪ್ರೋಗ್ರಾಂ ಯಾವಾಗಲೂ ಆ ಸ್ಕ್ರೀನಲ್ಲೇ ಅಂತ ಒಂದು ಆಯ್ಕೆ ಕೊಡೋಕೇನು ಕಷ್ಟ? ಬಣ್ಣ ಬದಲಿಸೋಕೆ ಮಾತ್ರ ರಾಶಿ ಆಯ್ಕೆ!