ಕಲ್ಲುಬೆಂಚಿನ ಲ್ಯಾಬ್

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಕಲ್ಲುಬೆಂಚು ಇದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಅದು ಲ್ಯಾಬ್ ಆಗುತ್ತದೆ. ಮೈಕ್ರೋಸ್ಕೋಪ್ ಬೇಡ, ಮೊಬೈಲ್ ಸಾಕು.

ಮೊನ್ನೆ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯ ಸ್ಪೈಕ್ ಪ್ರೊಟೀನ್, ಅಂದರೆ ವೈರಸ್ಸಿನ ಮೈಮೇಲಿರೋ ಮುಳ್ಳಿನಂಥ ಪ್ರೊಟೀನ್, ವಿಚಾರಣೆಗೆ ಬಂತು. "ಸ್ಪೈಕ್ ಅಂದ್ರೆ ಮುಳ್ಳು ಕಣ್ರೀ. ರಕ್ತನಾಳದ ಒಳಗೆಲ್ಲಾ ಗೀರ್ಕೊಂಡು ಹೋಗುತ್ತೆ," ಅಂದರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಸಾಕ್ಷಿಗೆ ಒಂದು ಚಿತ್ರ: ಕೆಂಪು ಚೆಂಡು, ಮೈತುಂಬ ಮೊಳೆ. ಹೆಡ್‌ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ಎದೆ ಮುಟ್ಟಿಕೊಂಡರು.

"ಆದ್ರೆ ಪ್ರೊಟೀನ್ ಒಳ್ಳೇದಲ್ವಾ? ನಮ್ಮ ಡಾಕ್ಟರು ಜಾಸ್ತಿ ತಿನ್ನಿ ಅಂದಿದ್ದಾರೆ," ಎಂದಿತು ಇನ್ನೊಂದು ದನಿ. ಬಹಳ ಹೊತ್ತು ಚರ್ಚೆ ನಡೆದು, ಬೇಳೆಯದು ಒಳ್ಳೆ ಪ್ರೊಟೀನ್, ಸೂಜಿಯದು ಕೆಟ್ಟದ್ದು ಎಂದು ತೀರ್ಮಾನವಾಯಿತು.

ನಾನು ಸುಮ್ನೆ ಇರಬೇಕಿತ್ತು. "ಎಂಆರ್‌ಎನ್‌ಎ ಅನ್ನೋದು ಅಡುಗೆಯವರಿಗೆ ಕೊಡೋ ಚೀಟಿ ಇದ್ದಂಗೆ. ಜೀವಕೋಶ ಅದನ್ನ ಓದಿ ಸ್ಪೈಕ್ ಮಾಡುತ್ತೆ, ದೇಹ ಅದರ ಗುರುತು ಹಿಡ್ಕೊಳ್ಳುತ್ತೆ, ಆಮೇಲೆ ಚೀಟಿ ಹರಿದುಹೋಗುತ್ತೆ. ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡಿದ್ದೂ ಉಂಟು. ಹೆಚ್ಚಾಗಿ ಹರೆಯದ ಹುಡುಗರಲ್ಲಿ, ಎರಡನೇ ಡೋಸ್ ಆದ ಮೇಲೆ. ಅದನ್ನ ಯಾರೂ ಬಚ್ಚಿಟ್ಟಿಲ್ಲ. ಈ ಚೀಟಿ ಕೆಲಸಕ್ಕೇ 2023ರಲ್ಲಿ ಕರಿಕೋ, ವೈಸ್‌ಮನ್ ಅನ್ನೋ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಂತು," ಅಂದೆ.

"ನೊಬೆಲ್ಲೂ ಕೊಡಿಸಿಬಿಟ್ರಾ? ಹಂಗಾದ್ರೆ ದೊಡ್ಡ ಕೈಯೇ ಇದೆ ಬಿಡಿ."

ಹಾಸನದ ಮಾತು ಬಂತು. 2025ರ ಜುಲೈಯಲ್ಲಿ ಅಲ್ಲಿಂದ ಸಾಲುಸಾಲು ಹೃದಯಾಘಾತದ ಸುದ್ದಿ ಬಂದಾಗ ಮುಖ್ಯಮಂತ್ರಿಗಳೇ ಲಸಿಕೆಯ ಮೇಲೆ ಅನುಮಾನಪಟ್ಟಿದ್ದರು. ಆ ಮಾತು ಬೆಂಚಿಗೆ ಅರ್ಧ ಗಂಟೆಯಲ್ಲಿ ತಲುಪಿತ್ತು. ತಜ್ಞರ ಸಮಿತಿ ಲಸಿಕೆಗೂ ಇದಕ್ಕೂ ನಂಟಿಲ್ಲ, ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು ನೋಡಿಕೊಳ್ಳಿ ಅಂದದ್ದು ಮಾತ್ರ ಇನ್ನೂ ದಾರಿಯಲ್ಲಿದೆ. ಸಿಗರೇಟು ಅನ್ನುವಾಗ ಮ್ಯಾನೇಜರ ಕೈ ತಾನಾಗೇ ಜೇಬು ಮುಚ್ಚಿತು.

"ಅದಿರಲಿ, ಎಂಆರ್‌ಎನ್‌ಎ ಲಸಿಕೆ ಅಂದ್ರೆ ಫೈಜರ್, ಮಾಡರ್ನಾ. ಇಲ್ಲಿ ಅದನ್ನ ಹಾಕಿಸ್ಕೊಂಡವರು ಯಾರು?" ಎಂದೆ.

ಒಬ್ಬರೂ ಇಲ್ಲ! ಐವರದು ಕೋವಿಶೀಲ್ಡ್. ಅದರಲ್ಲಿರೋದು ಎಂಆರ್‌ಎನ್‌ಎ ಅಲ್ಲ, ಆದರೆ ಅದೂ ನಮ್ಮ ಜೀವಕೋಶದಲ್ಲೇ ಸ್ಪೈಕ್ ಮಾಡಿಸುತ್ತದೆ. ಮೇಷ್ಟ್ರದು ಕೋವ್ಯಾಕ್ಸಿನ್. ಅದರಲ್ಲಿರೋದು ಸತ್ತ ವೈರಸ್, ಮುಳ್ಳಿನ ಸಮೇತ. ಮ್ಯಾನೇಜರಿಗಂತೂ ಕೋವಿಡ್ಡೇ ಎರಡು ಸಲ ಬಂದಿತ್ತು.

"ಹಂಗಾದ್ರೆ ನಿಮ್ಮ ಮೈಯಲ್ಲಿ ವೈರಸ್ಸೇ ಕೂತು ಸ್ಪೈಕ್ ಮಾಡಿತ್ತಲ್ಲ ಸಾರ್?"

ಅವರು ಕನ್ನಡಕ ಒರೆಸಿಕೊಂಡು, ನನ್ನನ್ನು ಪಾಪ ಅನ್ನೋ ಹಾಗೆ ನೋಡಿದರು.

"ಅದು ನ್ಯಾಚುರಲ್ ಕಣಪ್ಪಾ."